ಕೌಲು, ಕಾಲ್ನಡಿಗೆ, ಕಾದಂಬರಿ

ಹೋರಾಟದ ಸಾಹಿತ್ಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿಮರ್ಶಕರಲ್ಲಿ ಎರಡು ಪಂಗಡಗಳಾಗಿಬಿಡುತ್ತವೆ. ಮೆರವಣಿಗೆಯ ಫಲಕದ ಮೇಲೆ ಬರೆಯಬಹುದಾದದ್ದು ಪುಸ್ತಕದೊಳಗೆ ಬಂದರೆ ಅದು ಸಾಹಿತ್ಯವಾಗಲಾರದು ಎನ್ನುವವರದು ಒಂದು. ಉದ್ದೇಶ ನ್ಯಾಯವಾದುದಾದ ಮೇಲೆ ಕೃತಿಯ ಗುಣದೋಷಗಳನ್ನು ಎಣಿಸುವುದು ಹೃದಯಹೀನರ ಕೆಲಸ ಎನ್ನುವವರದು ಇನ್ನೊಂದು. ಇಬ್ಬರ ಮಾತನ್ನೂ ಬಹುಕಾಲ ಕೇಳಿರುವ ನನಗೆ, ಇಬ್ಬರೂ ಕೂಡಿಯೇ ಒಂದು ಕೆಲಸವನ್ನು ತಪ್ಪಿಸಿಕೊಳ್ಳುತ್ತಿದ್ದಾರೆ ಎನ್ನಿಸುತ್ತದೆ. ಅದು ಓದುವ ಕೆಲಸ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರು ತಮ್ಮ ನೆಲಕ್ಕಾಗಿ ೧೯೭೫ರಲ್ಲಿ ಕೈಗೊಂಡ ದೀರ್ಘ ಕಾಲ್ನಡಿಗೆಯನ್ನೂ, ಅದಾದ ಹನ್ನೊಂದು ವರ್ಷಗಳ ಮೇಲೆ ಅದೇ ಜನರ ನಡುವಿನಿಂದ ಬಂದ ‘ಪೋತಿಕಿ’ ಎಂಬ ಕಾದಂಬರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಈ ಪಂಗಡಗಳ ಜಗಳ ಎಷ್ಟು ವ್ಯರ್ಥವೆಂಬುದು ತಿಳಿಯುತ್ತದೆ. ಆ ನಾಡಿನಲ್ಲಿ ನೆಲದ ವ್ಯಾಜ್ಯವೆಂಬುದು ಮೊದಲಿನಿಂದಲೂ ಒಂದು ಅನುವಾದದ ವ್ಯಾಜ್ಯ.

೧೮೪೦ನೆಯ ಇಸವಿ ಫೆಬ್ರವರಿ ೬ರಂದು ವೈತಂಗಿ ಎಂಬ ಸ್ಥಳದಲ್ಲಿ, ಬ್ರಿಟಿಷ್ ರಾಣಿಯ ಪ್ರತಿನಿಧಿಯಾಗಿ ಬಂದಿದ್ದ ನೌಕಾದಳದ ಅಧಿಕಾರಿ ವಿಲಿಯಂ ಹಾಬ್ಸನ್ನನಿಗೂ ಮಾವೋರಿ ಕುಲನಾಯಕರಿಗೂ ಒಂದು ಕೌಲಾಯಿತು. ಇಂಗ್ಲಿಷ್ ಕರಡನ್ನು ಮಾವೋರಿ ಭಾಷೆಗೆ ತಂದವರು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿ ಮತ್ತು ಅವರ ಮಗ ಎಡ್ವರ್ಡ್. ಅವರಿಗೆ ದೊರೆತ ಅವಕಾಶ ಒಂದು ರಾತ್ರಿ! ಇಂಗ್ಲಿಷಿನ ಮೊದಲನೆಯ ಕಲಮು, ಕುಲನಾಯಕರು ತಮ್ಮ ಸಾರ್ವಭೌಮತ್ವವನ್ನು ರಾಣಿಗೆ ಒಪ್ಪಿಸಿದರು ಎನ್ನುತ್ತದೆ. ಮಾವೋರಿ ಪಾಠದಲ್ಲಿ ಆ ಜಾಗದಲ್ಲಿ ನಿಂತಿರುವ ಮಾತು ‘ಕಾವನತಂಗ’. ‘ಗವರ್ನರ್’ ಎಂಬುದು ಮಾವೋರಿ ನಾಲಗೆಯಲ್ಲಿ ‘ಕಾವನ’ ಆಗಿತ್ತು. ಅದಕ್ಕೆ ಭಾವವಾಚಕ ಪ್ರತ್ಯಯವೊಂದನ್ನು ಹಚ್ಚಿ ಮಾಡಿದ ಪದ ಅದು. ಕನ್ನಡದಲ್ಲಿ ‘ಗೌರ್ನರಿಕೆ’ ಎಂದ ಹಾಗೆ. ಪಾದ್ರಿಗಳ ಮಾವೋರಿ ಬೈಬಲಿನಲ್ಲಿ ಪೊಂತ್ಯ ಪಿಲಾತನು ‘ಕಾವನ’. ಅಂಥ ಒಬ್ಬ ಅಧಿಕಾರಿ ಬಂದು ತನ್ನ ಜನರನ್ನು ಹದ್ದಿನಲ್ಲಿಟ್ಟರೆ ಒಳ್ಳೆಯದೇ ಆಯಿತು ಎಂದು ಕುಲನಾಯಕರು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡನೆಯ ಕಲಮಿನಲ್ಲಿ ಇಂಗ್ಲಿಷ್ ಪಾಠ ನೆಲ, ಕಾಡು, ಮೀನುಗಾರಿಕೆಗಳ ಸ್ವಾಧೀನವನ್ನು ಮಾವೋರಿಗಳಿಗೆ ಉಳಿಸಿದರೆ, ಮಾವೋರಿ ಪಾಠ ‘ತಿನೋ ರಂಗತಿರತಂಗ’ವನ್ನು, ಎಂದರೆ ಕುಲನಾಯಕತ್ವದ ಪೂರ್ಣಾಧಿಕಾರವನ್ನೇ, ಉಳಿಸಿತು. ಐನೂರಕ್ಕೂ ಹೆಚ್ಚು ಕುಲನಾಯಕರು ಹೆಸರು ಹಾಕಿದರು. ಅವರಲ್ಲಿ ಇಂಗ್ಲಿಷ್ ಪಾಠಕ್ಕೆ ಹಾಕಿದವರು ೩೯ ಮಂದಿ ಮಾತ್ರ.

ಭಾಷೆಯಲ್ಲಿ ಸರಿಯಾದ ಮಾತು ಇರಲಿಲ್ಲ ಎಂಬ ಸಬೂಬೂ ಇಲ್ಲಿ ನಿಲ್ಲದು. ಐದು ವರ್ಷ ಮೊದಲು, ೧೮೩೫ರಲ್ಲಿ, ಉತ್ತರದ ಕುಲನಾಯಕರು ಹೊರಡಿಸಿದ ಸ್ವಾತಂತ್ರ್ಯಘೋಷಣೆಯಲ್ಲಿ ರಾಜಾಧಿಕಾರವನ್ನು ಸೂಚಿಸಲು ‘ಮನ’ ಎಂಬ ಅವರದೇ ಪದ ಬಂದಿತ್ತು. ಅಧಿಕಾರ, ಗೌರವ, ತೇಜಸ್ಸು ಎಲ್ಲವೂ ಅದರಲ್ಲಿ ಅಡಗಿವೆ. (ನಮ್ಮ ‘ಮಾನ’ದೊಡನೆ ಅದಕ್ಕಿರುವ ಧ್ವನಿಸಾಮ್ಯವನ್ನು ನೋಡಿ ಯಾರೂ ಮರುಳಾಗಬೇಕಾಗಿಲ್ಲ, ಹಾಗೆ ಮರುಳಾದ ಭಾಷಾಪಂಡಿತರು ನಮ್ಮಲ್ಲಿ ಸಾಕಷ್ಟು ಜನ ಆಗಿಹೋಗಿದ್ದಾರೆ.) ನಿಮ್ಮ ‘ಮನ’ವನ್ನು ಒಪ್ಪಿಸಿ ಎಂದು ಬರೆದಿದ್ದರೆ ಆ ದಿನ ಎಷ್ಟು ಜನ ಹೆಸರು ಹಾಕುತ್ತಿದ್ದರು? ಕೌಲಿನ ಎರಡು ಪಾಠಗಳನ್ನು ಪಕ್ಕ ಪಕ್ಕದಲ್ಲಿಟ್ಟು, ಗ್ರಂಥಸಂಪಾದಕರು ಹಸ್ತಪ್ರತಿಗಳನ್ನು ನೋಡುವಂತೆ ನೋಡಿ, ರೂತ್ ರಾಸ್ ಎಂಬ ಇತಿಹಾಸಕಾರ್ತಿ ೧೯೭೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಾಠಾಂತರಗಳನ್ನು ಕುರಿತ ಒಣ ವಿದ್ವತ್ತು ಯಾರಿಗೆ ಬೇಕು ಎನ್ನುವವರು ಈ ಒಂದು ಲೇಖನದ ಮುಂದಿನ ಚರಿತ್ರೆಯನ್ನು ಗಮನಿಸಬೇಕು. ಅದಾದ ಮೇಲೆ ಆ ಕೌಲನ್ನು ಇಂಗ್ಲಿಷ್ ಪಾಠವೊಂದರಿಂದಲೇ ಓದಿ ಮುಗಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಅಷ್ಟರೊಳಗೆ ನೆಲ ಹೋಗಿತ್ತು. ಯುದ್ಧ ಮಾಡಿ ಮುಟ್ಟುಗೋಲು ಹಾಕಿಕೊಂಡದ್ದು ಕೆಲವು ಭಾಗ. ಕುಲಕ್ಕೆ ಸೇರಿದ್ದನ್ನು ವ್ಯಕ್ತಿಗಳ ಹೆಸರಿಗೆ ಬರೆದು ಮಾರಾಟಕ್ಕೆ ಸುಲಭ ಮಾಡಿಕೊಟ್ಟ ನ್ಯಾಯಾಲಯದ ಮೂಲಕ ಹೋದದ್ದು ಇನ್ನು ಕೆಲವು ಭಾಗ. ಸುಮಾರು ೬ ಕೋಟಿ ೬೦ ಲಕ್ಷ ಎಕರೆಯ ನಾಡಿನಲ್ಲಿ ೧೯೭೫ರ ಹೊತ್ತಿಗೆ ಮಾವೋರಿಗಳ ಕೈಯಲ್ಲಿ ಉಳಿದದ್ದು ಸುಮಾರು ೩೦ ಲಕ್ಷ ಎಕರೆ. ೧೯೬೭ರ ಕಾನೂನೊಂದು ನಾಲ್ವರು ಅಥವಾ ಅದಕ್ಕೂ ಕಡಮೆ ಮಂದಿ ಒಡೆಯರಿದ್ದ ಮಾವೋರಿ ನೆಲವನ್ನು ಸಾಮಾನ್ಯ ಜಮೀನನ್ನಾಗಿ ಮಾರ್ಪಡಿಸಲು ಹೊರಟಿತು. ಉಳಿದ ಚೂರಿಗೂ ಕೈಹಾಕಿದರು ಎಂದು ಜನ ಎದ್ದು ನಿಂತದ್ದು ಆಗ.

ಕಾಲ್ನಡಿಗೆ ಹೊರಟದ್ದು ೧೯೭೫ರ ಸೆಪ್ಟೆಂಬರ್ ೧೪ರಂದು, ಉತ್ತರದ ತುತ್ತತುದಿಯ ತೆ ಹಾಪುವಾ ಎಂಬ ಊರಿನಿಂದ. ಈ ತಾರೀಖಿಗೆ ಒಂದು ಅರ್ಥವಿತ್ತು. ಮೂರು ವರ್ಷ ಮೊದಲು ಅದೇ ದಿನ, ಶಾಲೆಗಳಲ್ಲಿ ಮಾವೋರಿ ಭಾಷೆಯನ್ನು ಕಲಿಸಬೇಕೆಂದು ಮೂವತ್ತು ಸಾವಿರಕ್ಕೂ ಹೆಚ್ಚು ಜನರ ರುಜು ಇದ್ದ ಮನವಿಯೊಂದು ಪಾರ್ಲಿಮೆಂಟಿಗೆ ಸಂದಿತ್ತು. ಆ ದಿನ ಮಾವೋರಿ ಭಾಷಾದಿನವಾಗಿತ್ತು. ನೆಲದ ಮಾತೂ ನುಡಿಯ ಮಾತೂ ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಮುಂದೆ ನಿಂತವರು ಫೀನಾ ಕೂಪರ್. ಅವರಿಗೆ ಆಗ ೭೯ ವರ್ಷ, ಸಂಧಿವಾತದ ಕಾಲು. ಹದಿಹರೆಯದಲ್ಲಿ ತಮ್ಮ ಊರಿನ ಕೆಸರುಭೂಮಿಯನ್ನು ಬತ್ತಿಸಲು ಬಿಳಿಯ ರೈತನೊಬ್ಬ ಕಾಲುವೆ ತೋಡಿಸಿದಾಗ, ತೋಡಿದ್ದನ್ನು ತೋಡಿದ ಹಾಗೆ ಮುಚ್ಚಿಸಿದ ಹೆಣ್ಣು ಈಕೆ. ಆರಂಭದಲ್ಲಿ ಐವತ್ತರಷ್ಟಿದ್ದ ನಡೆಯುವವರ ಸಂಖ್ಯೆ ಅಕ್ಟೋಬರ್ ೧೩ರಂದು ವೆಲಿಂಗ್ಟನ್ನಿನ ಪಾರ್ಲಿಮೆಂಟನ್ನು ಮುಟ್ಟುವ ಹೊತ್ತಿಗೆ ಸುಮಾರು ಐದು ಸಾವಿರ. ಸಾವಿರ ಕಿಲೋಮೀಟರಿನಷ್ಟು ದಾರಿ. ರಾತ್ರಿಗಳಲ್ಲಿ ಕುಲದ ಸಭಾಂಗಣಗಳಾದ ‘ಮರಾಯೆ’ಗಳಲ್ಲಿ ತಂಗುವುದು, ಅಲ್ಲಿ ಚರ್ಚೆ, ಅಲ್ಲಿ ಹಿರಿಯರ ರುಜು. ಅರವತ್ತು ಸಾವಿರ ಜನರ ಮನವಿಯನ್ನು ಪ್ರಧಾನಿ ಬಿಲ್ ರೋಲಿಂಗರ ಕೈಗೆ ಕೊಟ್ಟರು. ಮಾವೋರಿ ನೆಲದಲ್ಲಿ ಇನ್ನು ಒಂದು ಎಕರೆಯೂ ಹೋಗಬಾರದು ಎಂಬುದು ಅವರ ಘೋಷವಾಕ್ಯ.

ವಿಮರ್ಶಕನ ಕಣ್ಣಿಗೆ ಈ ನಡಿಗೆಯಲ್ಲಿ ಮುಖ್ಯವಾಗಿ ಬೀಳುವುದು ಘೋಷವಾಕ್ಯವಲ್ಲ, ಮುಂದೆ ಹಿಡಿದು ನಡೆದ ಒಂದು ಕೆತ್ತನೆಯ ಕಂಬ. ಮಾವೋರಿ ಸಂಪ್ರದಾಯದಲ್ಲಿ ಇಂಥ ಕಂಬವನ್ನು ಇದು ನಮ್ಮ ನೆಲವೆಂದು ಸಾರಲು ಭೂಮಿಯಲ್ಲಿ ನೆಡುತ್ತಾರೆ. ನಮ್ಮಲ್ಲಿ ದತ್ತಿಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುತ್ತಿದ್ದರಲ್ಲ, ಹಾಗೆ. ಆದರೆ ಆ ಕಂಬವನ್ನು ದಾರಿಯುದ್ದಕ್ಕೂ ಎಲ್ಲಿಯೂ ನೆಲಕ್ಕೆ ತಾಗಿಸಲಿಲ್ಲ. ನೆಡುವುದಕ್ಕೆಂದೇ ಇರುವ ಕಂಬ, ನೆಡಲು ಜಾಗವಿಲ್ಲದೆ ತಿಂಗಳ ಕಾಲ ಕೈಯಿಂದ ಕೈಗೆ ಹೋಯಿತು. ನೂರು ಪುಟದ ಭಾಷಣ ಇದಕ್ಕಿಂತ ಹೆಚ್ಚು ಹೇಳಲಾರದು. ‘ಹೀಕೋಯಿ’ ಎಂದರೆ ಮಾವೋರಿಯಲ್ಲಿ ಹೆಜ್ಜೆಯಿಡುವುದು. ಇಂಥ ನಡಿಗೆಗಳಿಗೂ ಅದೇ ಹೆಸರು. ಮೂರು ಹೆಜ್ಜೆಗೆ ಲೋಕವನ್ನೇ ಕಳೆದುಕೊಂಡ ಬಲಿಯ ಕಥೆ ನಮಗೆ ಗೊತ್ತು. ಇಲ್ಲಿ ಕಳೆದುಕೊಂಡವರೇ ಹೆಜ್ಜೆಯಿಟ್ಟು ಹೊರಟರು.

ಅವರು ತಲುಪುವುದಕ್ಕೆ ಮೂರು ದಿನ ಮೊದಲು, ಅಕ್ಟೋಬರ್ ೧೦ರಂದು, ವೈತಂಗಿ ಕೌಲಿನ ಕಾಯಿದೆ ಜಾರಿಗೆ ಬಂದು ಒಂದು ನ್ಯಾಯಮಂಡಲಿ ಏರ್ಪಟ್ಟಿತು. ಎರಡು ಭಾಷೆಯ ಪಾಠಗಳ ಅರ್ಥವನ್ನು ನಿರ್ಣಯಿಸುವ ಅಧಿಕಾರವನ್ನು ಆ ಮಂಡಲಿಗೆ ಕೊಟ್ಟರು. ಪಾಠವಿಮರ್ಶೆಯೇ ಸರ್ಕಾರಿ ಕಾರ್ಯವಾದ ಇಂಥ ಪ್ರಸಂಗ ಅಪರೂಪ. ಆದರೆ ೧೯೭೫ರಿಂದ ಮುಂದೆ ಆದ ಅನ್ಯಾಯಗಳನ್ನು ಮಾತ್ರ ಅದು ವಿಚಾರಿಸಬಹುದಾಗಿತ್ತು. ೧೮೪೦ರವರೆಗೆ ಹಿಂದಕ್ಕೆ ಹೋಗುವ ಅಧಿಕಾರ ಬಂದದ್ದು ೧೯೮೫ರಲ್ಲಿ. ಇತ್ತ ನಡೆದು ಬಂದವರಲ್ಲಿ ಒಡಕುಂಟಾಯಿತು. ಮನವಿ ಕೊಟ್ಟಾಯಿತು, ಇನ್ನು ಊರಿಗೆ ಹೋಗೋಣ ಎಂದರು ಫೀನಾ ಕೂಪರ್. ಉತ್ತರ ಬರುವ ತನಕ ಏಳುವುದಿಲ್ಲ ಎಂದು ಕೆಲವರು ಪಾರ್ಲಿಮೆಂಟಿನ ಅಂಗಳದಲ್ಲಿಯೇ ಡೇರೆ ಹಾಕಿದರು. ಡಿಸೆಂಬರಿನಲ್ಲಿ ಪೊಲೀಸರು ಅವರನ್ನು ಎಬ್ಬಿಸಿದರು. ಆ ನಡಿಗೆಯಲ್ಲಿದ್ದ ಜೋ ಹಾಕ್ ಮುಂದೆ ಆಕ್ಲೆಂಡಿನ ಬ್ಯಾಸ್ಟಿಯನ್ ಪಾಯಿಂಟಿನಲ್ಲಿ ತಮ್ಮ ಕುಲದ ನೆಲದ ಮೇಲೆ ೫೦೬ ದಿನ ಕುಳಿತರು. ೧೯೭೮ರ ಮೇ ೨೫ರಂದು ಅಲ್ಲಿ ೨೨೨ ಜನರನ್ನು ಹಿಡಿದೊಯ್ದರು.

ಇನ್ನು ಕಾದಂಬರಿ. ಪ್ಯಾಟ್ರಿಷಿಯಾ ಗ್ರೇಸ್ ಅವರ ‘ಪೋತಿಕಿ’ ೧೯೮೬ರಲ್ಲಿ ಬಂತು. ‘ಪೋತಿಕಿ’ ಎಂದರೆ ಕಡೆಯ ಕೂಸು. ಕಡಲತೀರದ ಒಂದು ಸಣ್ಣ ಸಮುದಾಯ. ಅವರ ಸಭಾಗೃಹ, ಅವರ ರುದ್ರಭೂಮಿ, ಅವರ ತೋಟ. ಅಲ್ಲಿ ವಿಹಾರಧಾಮವನ್ನು ಕಟ್ಟಬೇಕೆಂದು ಡಾಲ್ಮನ್ ಎಂಬವನು ಬರುತ್ತಾನೆ. ಊರಿನವರ ಬಾಯಲ್ಲಿ ಅವನು ಡಾಲರ್‌ಮನ್ ಆಗುತ್ತಾನೆ. ಒಪ್ಪದಿದ್ದಾಗ ನೀರು ಹರಿದು ಬಂದು ರುದ್ರಭೂಮಿ ಮುಳುಗುತ್ತದೆ, ಸಭಾಗೃಹ ಸುಟ್ಟುಹೋಗುತ್ತದೆ, ಕಡೆಗೆ ಟೋಕೋ ಎಂಬ ಅಂಗವಿಕಲ ಬಾಲಕ ಸಾಯುತ್ತಾನೆ. ಕಥೆಯನ್ನು ಇಷ್ಟಕ್ಕೆ ಇಳಿಸಿದರೆ, ಇಂಥದನ್ನು ನಾವು ಬಹಳ ಓದಿದ್ದೇವೆ ಎನ್ನಿಸುವುದು ಸಹಜ. ಎಂ.ಎ. ತರಗತಿಯಲ್ಲಿ ಇದನ್ನು ಹೇಳಿದಾಗ ಜಾಣ ವಿದ್ಯಾರ್ಥಿಯೊಬ್ಬ, ‘ಹಾಗಾದರೆ ಇದರಲ್ಲಿ ಹೊಸತೇನು ಸಾರ್?’ ಎಂದು ಕೇಳಿಯೇ ಬಿಟ್ಟ. ಪ್ರಶ್ನೆ ಸರಿಯಾದದ್ದೇ.

ಹೊಸತು ಇರುವುದು ಮಾತು ಯಾರ ಕೈಯಲ್ಲಿದೆ ಎಂಬುದರಲ್ಲಿ. ಗ್ರೇಸ್ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಆದರೆ ಮಾವೋರಿ ಪದಗಳು ಬಂದಲ್ಲಿ ಅವನ್ನು ಓರೆ ಅಕ್ಷರದಲ್ಲಿ ಅಚ್ಚು ಮಾಡಿಸುವುದಿಲ್ಲ, ಪುಸ್ತಕದ ಕೊನೆಯಲ್ಲಿ ಪದಕೋಶ ಕೊಡುವುದಿಲ್ಲ, ಆವರಣದಲ್ಲಿ ಅರ್ಥ ಹೇಳುವುದಿಲ್ಲ. ತನ್ನ ನಾಡಿನಲ್ಲಿಯೇ ತನ್ನ ಭಾಷೆಯನ್ನು ಪರಭಾಷೆಯಂತೆ ಕಾಣಿಸಲಾರೆ ಎಂಬುದು ಅವರ ನಿಲುವು. ಇದನ್ನು ಹಟವೆಂದೋ ರಾಜಕೀಯವೆಂದೋ ಕೆಲವರು ಆಕ್ಷೇಪಿಸಿದರು. ೧೮೪೦ರ ಆ ಒಂದು ರಾತ್ರಿಯನ್ನು ನೆನೆದುಕೊಂಡರೆ ಈ ಆಕ್ಷೇಪ ಉದುರಿಹೋಗುತ್ತದೆ. ಒಂದು ಜನಾಂಗ ತನ್ನ ಮಾತು ಅನುವಾದವಾದ ಬಗೆಯಿಂದಲೇ ನೆಲವನ್ನು ಕಳೆದುಕೊಂಡಿರುವಾಗ, ಅನುವಾದ ಮಾಡಿಕೊಡಬೇಕಾದವರು ನಾವೇ ಏಕೆ ಎಂದು ಅದರ ಲೇಖಕಿ ಕೇಳಿದರೆ, ಅದು ಶೈಲಿಯ ಚಮತ್ಕಾರವಲ್ಲ. ಈ ಸಲ ಕಲಿಯಬೇಕಾದವರು ಎದುರಿನವರು. ನಡಿಗೆಯವರು ಪಾರ್ಲಿಮೆಂಟಿನ ಮೆಟ್ಟಿಲ ಮುಂದೆ ಕೇಳಿದ್ದನ್ನೇ ಗ್ರೇಸ್ ವಾಕ್ಯರಚನೆಯಲ್ಲಿ ಕೇಳುತ್ತಾರೆ. ಕಾಲ್ನಡಿಗೆಯ ವರ್ಣನೆಗಾಗಿ ಈ ಪುಸ್ತಕವನ್ನು ಹುಡುಕುವವರು ನಿರಾಶರಾಗುತ್ತಾರೆ. ನಡಿಗೆ ಇರುವುದು ಪುಸ್ತಕದ ನುಡಿಯಲ್ಲಿ.

ಸಭೆಯ ಅಧ್ಯಾಯವೊಂದನ್ನು ನೋಡಬೇಕು. ಡಾಲ್ಮನ್ ಊರಿನವರ ಮುಂದೆ ಬಂದು ಕೆಲಸ, ಸೌಕರ್ಯ, ಪ್ರಗತಿ ಎಂದು ಸಭ್ಯವಾಗಿಯೇ ಮಾತನಾಡುತ್ತಾನೆ. ಊರಿನವರೂ ಸಭ್ಯರಾಗಿಯೇ ಉತ್ತರಿಸುತ್ತಾರೆ. ಕೆಲಸವೇ? ನಮಗೆ ಇಲ್ಲಿ ಬೇಕಾದಷ್ಟಿದೆ. ಮುಂದುವರಿಯುವುದೇ? ನಾವು ಮುಂದುವರಿಯುತ್ತಲೇ ಇದ್ದೇವೆ. ಪ್ರತಿಯೊಂದು ಪದವನ್ನೂ ಎರಡು ಕಡೆಯವರು ಎರಡು ಅರ್ಥದಲ್ಲಿ ಎತ್ತಿಕೊಳ್ಳುತ್ತಾರೆ. ಒಂದೇ ಭಾಷೆಯೊಳಗೆ ಎರಡು ಪಾಠಗಳು ಎದ್ದು ನಿಲ್ಲುತ್ತವೆ. ಇದನ್ನೆಲ್ಲ ಕೇಳುತ್ತ ಕುಳಿತ ಟೋಕೋ, ಡಾಲ್ಮನ್ನನ ದೃಷ್ಟಿ ತನ್ನ ಮುರುಟಿದ ಮೈಯ ಮೇಲೆ ಬಿದ್ದ ಕ್ಷಣದಲ್ಲಿ, ಈತ ತನ್ನನ್ನು ಕಂಡಂತೆಯೇ ತಮ್ಮ ಜನರನ್ನೆಲ್ಲ ಕಾಣುತ್ತಿದ್ದಾನೆಂದು ಅರಿತುಕೊಳ್ಳುತ್ತಾನೆ. ಈ ಅಧ್ಯಾಯದಲ್ಲಿ ಘೋಷಣೆ ಒಂದೂ ಇಲ್ಲ.

ದೋಷಗಳಿಲ್ಲವೆಂದಲ್ಲ. ಡಾಲರ್‌ಮನ್ ಎಂಬ ಹೆಸರು ಆ ಪಾತ್ರಕ್ಕೆ ಒಂದು ಮುಖವಾಡ ತೊಡಿಸಿಬಿಡುತ್ತದೆ. ಸಭೆಯ ಅಧ್ಯಾಯವನ್ನು ಬಿಟ್ಟರೆ ಉಳಿದೆಡೆ ಅವನು ಮನುಷ್ಯನಾಗಿ ಕಾಣುವುದೇ ಇಲ್ಲ. ಮೇರಿಯ ಮಗನಾಗಿ ಹುಟ್ಟಿ, ಭವಿಷ್ಯವನ್ನು ಕಂಡು, ಜನರಿಗಾಗಿ ಸಾಯುವ ಟೋಕೋವಿನಲ್ಲಿ ಕ್ರಿಸ್ತನ ನೆರಳು ಬೇಕಾದ್ದಕ್ಕಿಂತ ದಟ್ಟವಾಗಿದೆ. ಮಾವೋರಿಯ ಸ್ವಂತ ಪುರಾಣವೇ ಅಷ್ಟು ಸಮೃದ್ಧವಾಗಿರುವಾಗ ಪಾದ್ರಿಗಳ ಕಥೆಯ ಈ ಊರುಗೋಲು ಬೇಕಾಗಿತ್ತೆ ಎನ್ನಿಸುತ್ತದೆ. ಆದರೆ ಹಿರಿಯರ ಸಹನೆಗೂ ಕಿರಿಯರ ಕೋಪಕ್ಕೂ ನಡುವಿನ ಬಿರುಕನ್ನು ಗ್ರೇಸ್ ನಿರ್ವಹಿಸಿರುವ ರೀತಿ ಮೇಲ್ಮಟ್ಟದ್ದು. ಹೇಮಿ ನೆಲವನ್ನು ಅಗೆದು ಬಿತ್ತುವುದರಲ್ಲಿ ಉತ್ತರ ಕಾಣುತ್ತಾನೆ. ಮಗಳು ತಂಗಿಮೋವಾನಾ ಎದುರಿಸಿ ನಿಲ್ಲುವುದರಲ್ಲಿ. ೧೯೭೫ರಲ್ಲಿ ಪಾರ್ಲಿಮೆಂಟಿನ ಅಂಗಳದಲ್ಲಿ ಒಡೆದುಹೋದದ್ದನ್ನು ಕಾದಂಬರಿ ಒಂದೇ ಮನೆಯ ಊಟದ ಪಂಕ್ತಿಯಲ್ಲಿ ಕೂರಿಸಿ, ಇಬ್ಬರಲ್ಲಿ ಯಾರನ್ನೂ ಸುಳ್ಳುಗಾರರನ್ನಾಗಿ ಮಾಡುವುದಿಲ್ಲ. ತಾಯಿ ರೋಯ್‌ಮಾತಾ ಶಾಲೆಗೆ ಹೋಗಲಾರದ ಮಗುವಿಗೆ ಮನೆಯಲ್ಲಿಯೇ ಕಥೆ ಹೇಳುತ್ತ, ಆ ಕಥೆಗಳೇ ಪಾಠವಾಗುವುದನ್ನು ಕಾಣುವ ಭಾಗವಂತೂ ಅಧ್ಯಾಪಕರೆಲ್ಲ ಓದಬೇಕಾದದ್ದು.

ಪುಸ್ತಕವೊಂದು ಲೇಖಕಿಯ ಬದುಕಿನ ಹೊಸಿಲಿಗೆ ಬಂದು ನಿಂತ ಸಂಗತಿಯೂ ಒಂದಿದೆ. ಹೆದ್ದಾರಿಗಾಗಿ ವೈಕನೇ ಎಂಬಲ್ಲಿ ಗ್ರೇಸ್ ಅವರ ಪಿತ್ರಾರ್ಜಿತ ನೆಲವನ್ನು ಬಲವಂತವಾಗಿ ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತು. ಅವರು ನ್ಯಾಯಾಲಯಕ್ಕೆ ಹೋದರು; ೨೦೧೪ರಲ್ಲಿ ತೀರ್ಪು ಅವರ ಪರವಾಗಿ ಬಂತು. ಆ ನೆಲ ಅವರಿಗೆ ಬಂದದ್ದು ವಿ ಪರಾಟ ಎಂಬ ಪೂರ್ವಜನಿಂದ. ಅದೇ ವಿ ಪರಾಟ ೧೮೭೭ರಲ್ಲಿ ಚರ್ಚಿಗೆ ಕೊಟ್ಟಿದ್ದ ನೆಲದ ವಿಷಯವಾಗಿ ದಾವೆ ಹೂಡಿದಾಗ, ವೈತಂಗಿ ಕೌಲು ಶೂನ್ಯಕ್ಕೆ ಸಮಾನವೆಂದು ಮುಖ್ಯ ನ್ಯಾಯಾಧೀಶ ಪ್ರೆಂಡರ್‌ಗಾಸ್ಟ್ ತೀರ್ಪಿತ್ತಿದ್ದ. ಕಾದಂಬರಿಯಲ್ಲಿ ಬಂದಿದ್ದರೆ ಇಂಥ ಜೋಡಣೆಯನ್ನು ನಾವು ವಿಮರ್ಶಕರು ಅತಿನಾಟಕೀಯವೆಂದು ಕರೆಯುತ್ತಿದ್ದೆವು.

ಕೌಲನ್ನು ಓದುವ ಹಕ್ಕು ಯಾರದೆಂಬ ಜಗಳ ಮುಗಿದಿಲ್ಲ. ೨೦೦೪ರಲ್ಲಿ ಕಡಲತಡಿಯ ಒಡೆತನಕ್ಕಾಗಿ ಮತ್ತೆ ನಡೆದರು. ಕೌಲಿನ ತತ್ತ್ವಗಳು ಇವೇ ಎಂದು ಹೊಸದಾಗಿ ವ್ಯಾಖ್ಯೆ ಮಾಡಹೊರಟ ಮಸೂದೆಯ ವಿರುದ್ಧ ೨೦೨೪ರ ನವೆಂಬರಿನಲ್ಲಿ ಉತ್ತರದಿಂದ ಹೊರಟ ನಡಿಗೆ ೧೯ರಂದು ಪಾರ್ಲಿಮೆಂಟನ್ನು ಮುಟ್ಟಿದಾಗ, ಪೊಲೀಸರ ಅಂದಾಜಿನಂತೆಯೇ ೪೨ ಸಾವಿರ ಜನ ಸೇರಿದ್ದರು. ೨೦೨೫ರ ಏಪ್ರಿಲ್ ೧೦ರಂದು ಆ ಮಸೂದೆ ೧೧ಕ್ಕೆ ಎದುರಾಗಿ ೧೧೨ ಮತಗಳಿಂದ ಬಿದ್ದುಹೋಯಿತು. ಒಂದು ಪಠ್ಯದ ವ್ಯಾಖ್ಯಾನಕ್ಕಾಗಿ ಇಷ್ಟು ಜನ ಬೀದಿಗೆ ಬಂದದ್ದನ್ನು ಕಂಡು ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಸ್ವಲ್ಪ ಅಸೂಯೆಯಾದರೆ ಅದು ಕ್ಷಮ್ಯ.

‘ಪೋತಿಕಿ’ಯನ್ನು ಕನ್ನಡಕ್ಕೆ ತರುವುದಾದರೆ ಏನು ಮಾಡಬೇಕೆಂಬುದನ್ನು ಈಗ ಕೇಳಿಕೊಳ್ಳಬೇಕು. ‘ಫೆನುವಾ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅದಕ್ಕೆ ನೆಲವೆಂದೂ ಅರ್ಥ, ಹೆರಿಗೆಯಾದ ಮೇಲೆ ಬೀಳುವ ಮಾಸು ಎಂದೂ ಅರ್ಥ. ಮಾಸನ್ನು ತಮ್ಮ ನೆಲದಲ್ಲಿ ಹೂಳುವುದು ಅವರ ಪದ್ಧತಿ. ನಮ್ಮ ಹಳ್ಳಿಗಳಲ್ಲಿಯೂ ಹಿತ್ತಿಲಲ್ಲಿ ಹೂಳುವ ವಾಡಿಕೆಯಿತ್ತು; ಆದರೆ ಕನ್ನಡದ ಯಾವ ಒಂದು ಪದವೂ ಎರಡನ್ನೂ ಹಿಡಿಯುವುದಿಲ್ಲ. ‘ಜಮೀನು’ ಎಂದರೆ ಪಹಣಿ, ಕಂದಾಯ, ಕ್ರಯಪತ್ರಗಳ ವಾಸನೆ. ‘ಭೂಮಿ’ ಎಂದರೆ ಪೂಜೆಗೆ ಕೂತ ಹಾಗೆ. ‘ಮಣ್ಣಿನ ಮಕ್ಕಳು’ ಎಂಬುದನ್ನು ಚುನಾವಣೆಗಳು ಕೆಡಿಸಿವೆ. ಉಳಿಯುವುದು ‘ನೆಲ’. ನೆಲದಿಂದ ನೆಲೆ, ನೆಲೆಯಿಂದ ನೆಲಸು. ಇದ್ದದ್ದರಲ್ಲಿ ಇದು ಹತ್ತಿರ. ಆ ನೆಲದ ಜನರಾದ ‘ತಂಗತ ಫೆನುವಾ’ವನ್ನು ನಾನಾದರೆ ‘ನೆಲದವರು’ ಎಂದು ಕರೆದೇನು. ಆದರೂ ಮಾವೋರಿ ಪದ ಇರುವಲ್ಲೆಲ್ಲ ಅದನ್ನೇ ಇಟ್ಟು, ಇಂಗ್ಲಿಷ್ ಮಾತ್ರವೇ ಕನ್ನಡವಾಗುವುದು ಲೇಖಕಿಗೆ ನ್ಯಾಯವಾದ ಮಾರ್ಗವೆಂದು ನನ್ನ ಅಭಿಪ್ರಾಯ. ಪ್ರಕಾಶಕರು ಒಪ್ಪುವುದು ಕಷ್ಟ; ಪದಕೋಶ ಕೊಡಿ ಎನ್ನುತ್ತಾರೆ. ಕೊಡಬಾರದು.

ಸುಟ್ಟ ಸಭಾಗೃಹವನ್ನು ಊರಿನವರು ಮತ್ತೆ ಕಟ್ಟುತ್ತಾರೆ. ಹಿಂದಿನ ಶಿಲ್ಪಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಟೋಕೋವಿನ ಆಕೃತಿ ಬಂದು, ಸತ್ತ ಬಾಲಕ ಗೋಡೆಯ ಮರದೊಳಗಿಂದ ಮಾತನಾಡುತ್ತಾನೆ. ಅಲ್ಲಿಂದ ಮುಂದಿನ ಕಡೆಯ ಸಾಲುಗಳು ಮಾವೋರಿಯಲ್ಲಿವೆ, ಇಂಗ್ಲಿಷ್ ಇಲ್ಲ. ಕನ್ನಡದ ಪುಸ್ತಕದಲ್ಲಿ ಅವನ್ನು ನಮ್ಮ ಲಿಪಿಯಲ್ಲಿ ಹಾಗೆಯೇ ಅಚ್ಚು ಮಾಡಿದರೆ, ಓದುಗರು ಗಟ್ಟಿಯಾಗಿ ಓದಿಕೊಳ್ಳಬಹುದು. ಮಾವೋರಿ ಪದಗಳೆಲ್ಲ ಸ್ವರದಲ್ಲಿಯೇ ಮುಗಿಯುತ್ತವಾದ್ದರಿಂದ ಕನ್ನಡದ ನಾಲಗೆಗೆ ಅದು ಕಷ್ಟವೇನೂ ಆಗಲಾರದು.